ಹೊಸ ಮನೆಯಲ್ಲಿ ವಿದ್ಯುತ್ ಹಂಚಿಕೆ ಪೆಟ್ಟಿಗೆ ಎಲ್ಲಿರಬೇಕು?

ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲಿನಲ್ಲಿ ದೊಡ್ಡಬಳ್ಳಾಪುರ ದಾಟಿದ ಮೇಲೆ ಎದುರಾಗುವ ಮಾಕಳಿದುರ್ಗದ ಬೆಟ್ಟವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಚಾರಣಕ್ಕೆಂದು ಬರುವವರು ಬಂಡೆ ಹತ್ತಿ, ಮೇಲಿನ ಕೋಟೆ ನೋಡಿ, ಸಂಜೆಯ ರೈಲಿಗೆ ಹಿಂದಿರುಗುತ್ತಾರೆ. ಬಂಡೆ ಮೇಲೆ ಕಾಣುವಷ್ಟೇ ಅಲ್ಲ, ನೆಲದೊಳಗೂ ಚಾಚಿಕೊಂಡಿದೆ ಎಂಬುದು ತಪ್ಪಲಿನಲ್ಲಿ ಮನೆ ಕಟ್ಟುವವರಿಗೆ ಪಾಯ ತೋಡುವಾಗ ತಿಳಿಯುತ್ತದೆ. ಒಂದೆರಡು ಅಡಿ ಕೆಂಪು ಮಣ್ಣು, ಅದರ ಕೆಳಗೆ ಗರಸು, ಆಮೇಲೆ ಗುದ್ದಲಿಯ ಸದ್ದೇ ಬದಲಾಗುತ್ತದೆ. ವಿದ್ಯುತ್ ಹಂಚಿಕೆ ಪೆಟ್ಟಿಗೆಯ ಬಗ್ಗೆ ಬರೆಯಲು ಹೊರಟವನು ಬಂಡೆಯ ಮಾತನ್ನೇಕೆ ತೆಗೆದ ಎಂದು ನಿಮಗೆ ಅನ್ನಿಸಬಹುದು. ಇವೆರಡಕ್ಕೂ ಸಂಬಂಧವಿದೆ. ಅದು ನನಗೆ ಮನದಟ್ಟಾದದ್ದು ಒಂದು ಬಟ್ಟೆ ಒಗೆಯುವ ಯಂತ್ರದಿಂದ.

ನನ್ನ ಭಾವಮೈದುನ ಮಾಕಳಿದುರ್ಗದ ಹತ್ತಿರ ಒಂದಿಷ್ಟು ತೋಟ ಮಾಡಿಕೊಂಡು ಹಳೆಯ ಮನೆಯೊಂದರಲ್ಲಿದ್ದಾನೆ. ಒಂದು ಮಳೆಗಾಲದಲ್ಲಿ ಅವನ ಹೆಂಡತಿ ಒಗೆಯುವ ಯಂತ್ರದ ಮುಚ್ಚಳ ಮುಟ್ಟಿದಾಗಲೆಲ್ಲ ‘ಜುಂ’ ಎನ್ನುತ್ತದೆ ಎಂದು ದೂರುತ್ತಿದ್ದಳು. ಕಾಲಿನಲ್ಲಿ ರಬ್ಬರ್ ಚಪ್ಪಲಿ ಇದ್ದುದರಿಂದ ಅಷ್ಟಕ್ಕೇ ನಿಂತಿತ್ತು. ಬಂದು ನೋಡಿದ ಎಲೆಕ್ಟ್ರಿಷಿಯನ್ ಹೇಳಿದ್ದು ಇಷ್ಟು: ‘‘ಅರ್ಥ್ ಕೊಟ್ಟಿದೀನಿ, ಎಂಸಿಬಿನೂ ಹಾಕಿದೀನಿ. ಕರೆಂಟ್ ಸೋರ್ತಿದ್ರೆ ಬ್ರೇಕರ್ ಬೀಳ್ಬೇಕಿತ್ತಲ್ಲ ಸಾರ್?’’

ಅವನ ತರ್ಕ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ನಮ್ಮ ನಾಡಿನ ಬಹುಪಾಲು ಮನೆಗಳವರು ನಂಬಿಕೊಂಡಿರುವುದೂ ಇದನ್ನೇ. ಮುಂದಿನ ಸಲ ಹೋಗುವಾಗ ನಾನು ಪ್ರಯೋಗಾಲಯದಿಂದ ಭೂರೋಧ ಮಾಪಕವನ್ನು ಕೊಂಡೊಯ್ದೆ. ಭೂಸಂಪರ್ಕದ ರೋಧ 240 ಓಮ್ ಬಂದಿತು. ಯಂತ್ರದ ಮೈಗೂ, ದೂರದಲ್ಲಿ ಒದ್ದೆ ನೆಲಕ್ಕೆ ಹೊಡೆದ ಒಂದು ಕಬ್ಬಿಣದ ಸರಳಿಗೂ ನಡುವೆ ವೋಲ್ಟ್‌ಮೀಟರ್ ಹಿಡಿದರೆ 60 ವೋಲ್ಟ್ ವಿಭವಾಂತರ. ಓಮ್ ನಿಯಮದಂತೆ ಭಾಗಿಸಿ ನೋಡಿ: ಕಾಲು ಆಂಪಿಯರ್ ವಿದ್ಯುತ್ಪ್ರವಾಹ ಹಗಲೂ ರಾತ್ರಿ ನೆಲಕ್ಕೆ ಸೋರುತ್ತಿತ್ತು. ಆ ಮಂಡಲದಲ್ಲಿದ್ದ ಎಂಸಿಬಿ 16 ಆಂಪಿಯರಿನದು. ಕಾಲು ಆಂಪಿಯರ್ ಎಂದರೆ ಅದಕ್ಕೆ ಒಂದು ಸಣ್ಣ ದೀಪ ಉರಿದಂತೆ. ಅದು ಬೀಳುವುದಾದರೂ ಹೇಗೆ?

ಸೋರಿಕೆ ಇನ್ನೂ ಕೆಟ್ಟು, ಫೇಸ್ ತಂತಿಯೇ ಯಂತ್ರದ ಮೈಗೆ ತಗುಲಿತು ಎಂದುಕೊಳ್ಳೋಣ. 230 ವೋಲ್ಟನ್ನು 240 ಓಮಿನಿಂದ ಭಾಗಿಸಿದರೆ 1 ಆಂಪಿಯರಿಗೂ ಕಡಿಮೆ. ಎಂಸಿಬಿ ಆಗಲೂ ಬೀಳುವುದಿಲ್ಲ. ಯಂತ್ರದ ಮೈ ಮಾತ್ರ ಹೆಚ್ಚೂಕಡಿಮೆ ಪೂರ್ಣ 230 ವೋಲ್ಟಿನಲ್ಲಿ ನಿಂತಿರುತ್ತದೆ. ಭೂಸಂಪರ್ಕವೂ ಇದೆ, ಎಂಸಿಬಿಯೂ ಇದೆ, ಮುಟ್ಟಿದವರಿಗೆ ರಕ್ಷಣೆ ಮಾತ್ರ ಇಲ್ಲ.

ಅದೇ ಭಾವಮೈದುನ ಈಗ ಪಕ್ಕದ ನಿವೇಶನದಲ್ಲಿ ಹೊಸ ಮನೆ ಕಟ್ಟುತ್ತಿದ್ದಾನೆ. ‘‘ಭಾವ, ಡಿಬಿ ಎಲ್ಲಿ ಇಡ್ಸೋಣ? ಅತ್ತೆ ಆಗ್ನೇಯ ಅಂತಾರೆ, ಮೇಸ್ತ್ರಿ ಮೆಟ್ಟಿಲ ಕೆಳಗೆ ಅಂತಾನೆ’’ ಎಂದು ಕೇಳಿದ. ಈ ಲೇಖನ ಅವನಿಗೆ ಕೊಟ್ಟ ಉತ್ತರದ ವಿಸ್ತರಣೆ. ನೀವೂ ಮನೆ ಕಟ್ಟುವ ಆಲೋಚನೆಯಲ್ಲಿದ್ದರೆ ತಾರಸಿಗೆ ಕಾಂಕ್ರೀಟ್ ಸುರಿಯುವ ಮುನ್ನ ಇದನ್ನು ಓದಿ. ಅನಂತರ ಓದಿದರೆ ಹೆಚ್ಚು ಪ್ರಯೋಜನವಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ಎರಡು ಪೆಟ್ಟಿಗೆಗಳು, ಎರಡು ಸ್ಥಳಗಳು

ಮೊದಲು ಒಂದು ಗೊಂದಲವನ್ನು ಬಗೆಹರಿಸೋಣ. ಕಂಬದಿಂದ ಬರುವ ತಂತಿ ಮೊದಲು ಮೀಟರಿಗೆ ಬರುತ್ತದೆ. ಅಲ್ಲಿಂದ ಮುಖ್ಯ ಸ್ವಿಚ್ಚಿಗೆ, ಅಲ್ಲಿಂದ ಮನೆಯ ಬೇರೆ ಬೇರೆ ಮಂಡಲಗಳಿಗೆ ವಿದ್ಯುತ್ತನ್ನು ಹಂಚುವ ಪೆಟ್ಟಿಗೆಗೆ. ಈ ಕೊನೆಯದನ್ನೇ ನಮ್ಮಲ್ಲಿ ಡಿಸ್ಟ್ರಿಬ್ಯೂಷನ್ ಬೋರ್ಡ್ ಅಥವಾ ಚಿಕ್ಕದಾಗಿ ಡಿಬಿ ಎನ್ನುವುದು. ಇಂಗ್ಲೆಂಡಿನವರು ಕನ್ಸ್ಯೂಮರ್ ಯೂನಿಟ್ ಎನ್ನುತ್ತಾರೆ. ಮೀಟರ್ ಎಲ್ಲಿರಬೇಕು ಎಂಬುದನ್ನು ಬಹುಮಟ್ಟಿಗೆ ವಿದ್ಯುತ್ ಸರಬರಾಜು ಕಂಪನಿಯೇ ನಿರ್ಧರಿಸುತ್ತದೆ. ರೀಡಿಂಗ್ ತೆಗೆಯುವವರಿಗೆ ಮನೆಯೊಳಕ್ಕೆ ಬಾರದೆ ಕಾಣುವಂತಿರಬೇಕು, ಅಷ್ಟೆ. ಮುಖ್ಯ ಸ್ವಿಚ್ಚು ಮೀಟರಿನ ಪಕ್ಕದಲ್ಲೇ ಇರಬೇಕು, ಏಕೆಂದರೆ ಅಲ್ಲಿಂದ ಮುಂದಿನ ಪ್ರತಿ ಅಡಿ ತಂತಿಯನ್ನೂ ಕಡಿದು ನಿಲ್ಲಿಸುವ ಅಧಿಕಾರ ಇರುವುದು ಅದಕ್ಕೆ ಮಾತ್ರ. ಡಿಬಿಯ ಸ್ಥಳ ಮಾತ್ರ ನಿಮ್ಮ ಆಯ್ಕೆ.

ಹಳೆಯ ಮನೆಗಳಲ್ಲಿ ಈ ಮೂರೂ ಒಂದೇ ತೇಗದ ಹಲಗೆಯ ಮೇಲಿರುತ್ತಿದ್ದವು. ಬೆಂಗಳೂರಿಗೆ ಶಿವನಸಮುದ್ರದ ವಿದ್ಯುತ್ತು ಬಂದದ್ದು 1905ರಲ್ಲಿ. ಅನಂತರದ ಎಷ್ಟೋ ದಶಕಗಳ ಕಾಲ ಮನೆಯ ರಕ್ಷಣಾ ವ್ಯವಸ್ಥೆ ಎಂದರೆ ಆ ಹಲಗೆ, ಅದರ ಮೇಲೆ ಎರಡು ಪಿಂಗಾಣಿ ಫ್ಯೂಸು. ಫ್ಯೂಸ್ ಸುಟ್ಟಾಗ ಕೈಗೆ ಸಿಕ್ಕ ದಪ್ಪ ತಾಮ್ರದ ಎಳೆಯನ್ನು ಸುತ್ತಿ ಕೂರಿಸುವ ಕಲೆಯಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಅದರಿಂದ ಫ್ಯೂಸ್ ಸುಡುವುದು ನಿಲ್ಲುತ್ತಿತ್ತು, ತಂತಿ ಸುಡುವುದು ಶುರುವಾಗುತ್ತಿತ್ತು. ಜರ್ಮನಿಯ ಹ್ಯೂಗೊ ಸ್ಟಾಟ್ಸ್ 1924ರಲ್ಲಿ ಪೇಟೆಂಟ್ ಪಡೆದ ಸಣ್ಣ ಸರ್ಕ್ಯೂಟ್ ಬ್ರೇಕರ್, ಅಂದರೆ ಇಂದಿನ ಎಂಸಿಬಿ, ಈ ಚಪಲಕ್ಕೆ ಆಸ್ಪದ ಕೊಡುವುದಿಲ್ಲ. ಬಿದ್ದರೆ ಎತ್ತಬಹುದು, ಒಳಗಿನದನ್ನು ತಿದ್ದಲು ಬರುವುದಿಲ್ಲ. ಮರದ ಹಲಗೆಯ ಮೋಹ ಇನ್ನೂ ಉಳಿದವರಿಗೆ ಒಂದು ಮಾತು: ಬೆಂಕಿ ಅನಾಹುತಗಳ ಅನುಭವದ ಮೇಲೆ ಬ್ರಿಟನ್ನಿನಲ್ಲಿ 2016ರಿಂದ ಮನೆಗಳ ಹೊಸ ಹಂಚಿಕೆ ಪೆಟ್ಟಿಗೆಗಳ ಕವಚ ಉರಿಯದ ವಸ್ತುವಿನದೇ ಆಗಿರಬೇಕೆಂದು ನಿಯಮ ಮಾಡಿಕೊಂಡಿದ್ದಾರೆ. ನೀವೂ ಉಕ್ಕಿನ ಪೆಟ್ಟಿಗೆಯನ್ನೇ ಕೊಳ್ಳಿ.

ನೆಲದಿಂದ ಪ್ರಾರಂಭಿಸೋಣ

ಡಿಬಿಯ ಸ್ಥಳ ಹುಡುಕುವವರು ಸಾಮಾನ್ಯವಾಗಿ ಮನೆಯ ನಕ್ಷೆಯನ್ನು ಹರವಿಕೊಂಡು ಗೋಡೆ ಹುಡುಕುತ್ತಾರೆ. ಬಂಡೆಯ ನಾಡಿನಲ್ಲಿ ಮೊದಲು ಮಣ್ಣು ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ.

ಭೂಸಂಪರ್ಕಕ್ಕೆ ನಾವು ಸಾಮಾನ್ಯವಾಗಿ ಹೂಳುವುದು ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರ್ ವ್ಯಾಸದ ಕಬ್ಬಿಣದ ಕೊಳವೆ. ಇಂಥ ಕೊಳವೆಯಿಂದ ಹೊರಟ ಪ್ರವಾಹ ಸುತ್ತಲಿನ ಮಣ್ಣಿನಲ್ಲಿ ಎಲ್ಲ ದಿಕ್ಕುಗಳಿಗೂ ಹರಡಿಕೊಳ್ಳುತ್ತದೆ. ಹಾಗೆ ಹರಡುವಾಗ ಅದು ಎದುರಿಸುವ ರೋಧವನ್ನು ಲೆಕ್ಕ ಹಾಕುವ ಸೂತ್ರವೊಂದಿದೆ. ಅದರ ಲಾಗರಿದಮ್ಮುಗಳನ್ನು ಬದಿಗಿಟ್ಟು ಫಲಿತಾಂಶವನ್ನಷ್ಟೇ ಹೇಳುತ್ತೇನೆ: ಈ ಅಳತೆಯ ಕೊಳವೆಗೆ, ಮಣ್ಣಿನ ರೋಧಕತೆಯನ್ನು ಓಮ್-ಮೀಟರಿನಲ್ಲಿ ತೆಗೆದುಕೊಂಡು ಮೂರರಿಂದ ಭಾಗಿಸಿದರೆ ಭೂಸಂಪರ್ಕದ ರೋಧ ಓಮಿನಲ್ಲಿ ಸಿಗುತ್ತದೆ. ನೆನಪಿಟ್ಟುಕೊಳ್ಳಲು ಸುಲಭ.

ಕೆರೆಯಂಗಳದ ಒದ್ದೆ ಜೇಡಿಮಣ್ಣಿನ ರೋಧಕತೆ 30 ಓಮ್-ಮೀಟರ್ ಎಂದಿಟ್ಟುಕೊಳ್ಳಿ. ಭೂಸಂಪರ್ಕದ ರೋಧ 10 ಓಮ್. ಸಾಧಾರಣ ತೇವದ ಹೊಲದ ಮಣ್ಣು 100 ಇದ್ದರೆ 33 ಓಮ್. ಒಣಗಿದ ಗರಸು ಸಾವಿರ ಇದ್ದರೆ 330 ಓಮ್. ಬಿರುಕಿಲ್ಲದ ಬಂಡೆಯದು ಇನ್ನೂ ಎಷ್ಟೋ ಪಟ್ಟು ಹೆಚ್ಚು. ನನ್ನ ಭಾವಮೈದುನನ 240 ಓಮ್ ಎಲ್ಲಿಂದ ಬಂತು ಎಂಬುದು ಈಗ ನಿಮಗೆ ತಿಳಿದಿರಬೇಕು. ಉಪ್ಪು, ಇದ್ದಿಲು ಎಲ್ಲವನ್ನೂ ಹಾಕಿದ್ದರು. ಆದರೆ ಗುಂಡಿಯ ಆಚೆ ಇದ್ದದ್ದು ಗರಸು ಮತ್ತು ಕಲ್ಲು. ಉಪ್ಪು ಹಾಕಿದರೆ ಗುಂಡಿಯೊಳಗಿನ ರೋಧ ಇಳಿಯುತ್ತದೆ, ಬೆಟ್ಟದ್ದು ಇಳಿಯುವುದಿಲ್ಲ.

ಇನ್ನೊಂದನ್ನೂ ಗಮನಿಸಿ. ಅತ್ಯುತ್ತಮವೆನ್ನಬಹುದಾದ 10 ಓಮಿನ ಭೂಸಂಪರ್ಕವಿದ್ದರೂ ದೋಷದ ಪ್ರವಾಹ 23 ಆಂಪಿಯರ್ ಮಾತ್ರ. 16 ಆಂಪಿಯರಿನ ಎಂಸಿಬಿ ಅಷ್ಟಕ್ಕೆ ಬೀಳಲು ಹಲವು ನಿಮಿಷ, ಕೆಲವೊಮ್ಮೆ ಗಂಟೆಯ ಹತ್ತಿರ ತೆಗೆದುಕೊಳ್ಳಬಹುದು. ಅಷ್ಟು ಹೊತ್ತು ಯಾರೂ ಮುಟ್ಟದಿರಲಿ ಎಂದು ಕೈಮುಗಿದು ಕೂರಬೇಕು. ಆದ್ದರಿಂದ ಹಳ್ಳಿಯ ಮನೆಗಳಲ್ಲಿ, ಅಂದರೆ ತಮ್ಮದೇ ಗುಂಡಿಯನ್ನು ನೆಚ್ಚಿಕೊಂಡ ಮನೆಗಳಲ್ಲಿ, ಎಂಸಿಬಿ ತಂತಿಯನ್ನು ಕಾಯುತ್ತದೆ, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವುದು ಬೇರೊಂದು ಸಾಧನ. ಅಂಗಡಿಯಲ್ಲಿ ಆರ್‌ಸಿಸಿಬಿ ಎಂದು ಕೇಳಿ. ಎಲೆಕ್ಟ್ರಿಷಿಯನ್ನರು ಹಳೆಯ ರೂಢಿಯಂತೆ ಇಎಲ್‌ಸಿಬಿ ಎನ್ನುವುದೂ ಉಂಟು.

ಇದರ ಕೆಲಸ ನೋಡಲು ಸೊಗಸು. ಫೇಸ್, ನ್ಯೂಟ್ರಲ್ ಎರಡೂ ತಂತಿಗಳು ಒಂದೇ ಕಾಂತೀಯ ಉಂಗುರದೊಳಗಿಂದ ಹಾಯ್ದುಹೋಗುತ್ತವೆ. ಒಂದರಲ್ಲಿ ಹೋದ ಪ್ರವಾಹ ಇನ್ನೊಂದರಲ್ಲಿ ಪೂರ್ತಿಯಾಗಿ ಹಿಂದಿರುಗಿದರೆ ಅವುಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗಿ ಉಂಗುರ ಸುಮ್ಮನಿರುತ್ತದೆ. ಒಂದಿಷ್ಟು ಪ್ರವಾಹ ದಾರಿ ತಪ್ಪಿ ನೆಲಕ್ಕೆ ಹೋಯಿತೆನ್ನಿ, ಲೆಕ್ಕ ತಾಳೆಯಾಗುವುದಿಲ್ಲ. ಉಳಿದ ಕಾಂತಕ್ಷೇತ್ರ ಉಂಗುರಕ್ಕೆ ಸುತ್ತಿದ ಮೂರನೆಯ ಸುರುಳಿಯಲ್ಲಿ ವೋಲ್ಟೇಜನ್ನು ಪ್ರೇರಿಸಿ ಸ್ವಿಚ್ಚನ್ನು ಬೀಳಿಸುತ್ತದೆ. ಮನೆಗಳಲ್ಲಿ ಬಳಸುವ ಸಾಧನ 30 ಮಿಲಿಆಂಪಿಯರ್ ವ್ಯತ್ಯಾಸದ ಒಳಗೇ ಬೀಳುವಂತೆ ರಚಿತವಾಗಿದೆ. ಒಗೆಯುವ ಯಂತ್ರದ ಕಾಲು ಆಂಪಿಯರಿಗೆ ಅದು 40 ಮಿಲಿಸೆಕೆಂಡಿನೊಳಗೆ, ಎಂದರೆ ಹೃದಯದ ಒಂದು ಮಿಡಿತ ಮುಗಿಯುವುದಕ್ಕೆ ಎಷ್ಟೋ ಮುಂಚೆ, ಬಿದ್ದಿರುತ್ತಿತ್ತು.

ಮೂವತ್ತೇ ಏಕೆ? ಅಮೆರಿಕದ ಬರ್ಕ್‌ಲಿಯಲ್ಲಿ ಪ್ರಾಧ್ಯಾಪಕರಾಗಿದ್ದ ಚಾರ್ಲ್ಸ್ ಡಾಲ್ಜಿಯಲ್ ಮನುಷ್ಯರ ಮೇಲೆ ವಿದ್ಯುತ್ ಆಘಾತದ ಪರಿಣಾಮವನ್ನು ದಶಕಗಳ ಕಾಲ ಅಳೆದವರು. ಸುಮಾರು 16 ಮಿಲಿಆಂಪಿಯರ್ ದಾಟಿದರೆ ಸರಾಸರಿ ಗಂಡಸು ಹಿಡಿದ ತಂತಿಯನ್ನು ತಾನಾಗಿ ಬಿಡಲಾರ, ಹೆಂಗಸರಿಗೆ ಸುಮಾರು 10 ಸಾಕು ಎಂದು ಅವರು ಕಂಡುಕೊಂಡರು. ಒಂದು ಸೆಕೆಂಡಿಗೂ ಹೆಚ್ಚು ಕಾಲ 50 ಮಿಲಿಆಂಪಿಯರಿನ ಆಸುಪಾಸಿನ ಪ್ರವಾಹ ಹರಿದರೆ ಹೃದಯದ ಲಯ ಕೆಡುವ ಅಪಾಯವಿದೆ. ಆರ್‌ಸಿಸಿಬಿಯ ಅಮೆರಿಕನ್ ರೂಪವನ್ನು 1961ರಲ್ಲಿ ನಿರ್ಮಿಸಿದವರೂ ಡಾಲ್ಜಿಯಲ್ಲರೇ. ನಮ್ಮ ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ಸುರಕ್ಷತಾ ನಿಯಮಗಳೂ, ತೀರ ಸಣ್ಣ ಸಂಪರ್ಕಗಳನ್ನು ಬಿಟ್ಟು, ಈ ಸಾಧನವನ್ನು ಕಡ್ಡಾಯ ಮಾಡಿವೆ. ಆದರೂ ಸಾವಿರಾರು ರೂಪಾಯಿಯ ಅಲಂಕಾರದ ದೀಪ ಕೊಳ್ಳುವವರು ಇದರ ಬೆಲೆ ಕೇಳಿ ‘ಆಮೇಲೆ ಹಾಕಿಸೋಣ’ ಎನ್ನುವುದನ್ನು ನಾನು ಕಂಡಿದ್ದೇನೆ.

ಆರ್‌ಸಿಸಿಬಿ ಇದ್ದ ಮೇಲೆ 240 ಓಮ್ ಭೂಸಂಪರ್ಕವೂ ಪ್ರಾಣಾಪಾಯದ್ದಲ್ಲ. 30 ಮಿಲಿಆಂಪಿಯರನ್ನು 240ರಿಂದ ಗುಣಿಸಿ: 7.2 ವೋಲ್ಟ್. ಯಂತ್ರದ ಮೈ ಅದಕ್ಕಿಂತ ಮೇಲಿನ ವಿಭವದಲ್ಲಿ ನಿಂತಿರಲಾರದು. ಹಾಗೆಂದು ಗುಂಡಿಯನ್ನು ಅಲಕ್ಷಿಸಬೇಡಿ. ಅದಕ್ಕೆ ಇನ್ನೊಂದು ಕೆಲಸವಿದೆ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಸೀಮೆಯಲ್ಲಿ ಗುಡುಗು ಸಿಡಿಲು ಹೆಚ್ಚು. ದೂರದ ಸಾಲಿಗೆ ಸಿಡಿಲು ತಾಗಿದರೂ ತಂತಿಯುದ್ದಕ್ಕೂ ಒಂದು ವೋಲ್ಟೇಜ್ ಅಲೆ ಓಡಿ ಮನೆಗೆ ನುಗ್ಗುತ್ತದೆ. ಇದನ್ನು ನೆಲಕ್ಕಿಳಿಸಲು ಡಿಬಿಯಲ್ಲಿ ಸರ್ಜ್ ರಕ್ಷಕವನ್ನು ಕೂರಿಸುತ್ತಾರೆ. ಇಲ್ಲಿ ತಂತಿಯ ರೋಧಕ್ಕಿಂತ ಅದರ ಪ್ರೇರಕತೆ ಮುಖ್ಯವಾಗುತ್ತದೆ. ಒಂದು ಮೀಟರ್ ನೇರ ತಂತಿಯ ಪ್ರೇರಕತೆ ಸುಮಾರು ಒಂದು ಮೈಕ್ರೊಹೆನ್ರಿ; ದಿನನಿತ್ಯದ ಬಳಕೆಯಲ್ಲಿ ಲೆಕ್ಕಕ್ಕೇ ಬಾರದ್ದು. ಆದರೆ 5000 ಆಂಪಿಯರ್ ಪ್ರವಾಹ 8 ಮೈಕ್ರೊಸೆಕೆಂಡಿನಲ್ಲಿ ಏರಿದಾಗ ಅದೇ ಒಂದು ಮೀಟರಿನಲ್ಲಿ 600 ವೋಲ್ಟಿಗೂ ಹೆಚ್ಚು ವಿಭವಾಂತರ ಹುಟ್ಟುತ್ತದೆ. ಡಿಬಿ ಮನೆಯ ಒಂದು ತುದಿಯಲ್ಲಿ, ಗುಂಡಿ ಮತ್ತೊಂದು ತುದಿಯಲ್ಲಿ ಇದ್ದು ನಡುವೆ 15 ಮೀಟರ್ ತಂತಿ ಸುತ್ತಿ ಬಳಸಿ ಹೋದರೆ ಏನಾಗುತ್ತದೆಂದು ಊಹಿಸಿ. ರಕ್ಷಕ ತನ್ನ ಕೆಲಸ ಮಾಡಿಯೂ ನಿಮ್ಮ ಟಿವಿ ಹೋಗಿರುತ್ತದೆ.

ಆದ್ದರಿಂದ ಮಣ್ಣು ಆಳವಾಗಿರುವ, ವರ್ಷವಿಡೀ ತೇವ ಉಳಿಯುವ ಜಾಗ ನಿವೇಶನದಲ್ಲಿ ಎಲ್ಲಿದೆ ಎಂದು ಮೊದಲು ನೋಡಿ. ಪಾಯ ತೋಡುವಾಗಲೇ ಅದು ಗೊತ್ತಾಗುತ್ತದೆ. ಬಚ್ಚಲ ನೀರು ಹರಿದುಹೋಗಿ ಬಾಳೆಯ ಬುಡ ಸೇರುವ ಬದಿ ಬಲು ಒಳ್ಳೆಯದು. ಅಲ್ಲಿ ಎರಡು ಕೊಳವೆಗಳನ್ನು ಕನಿಷ್ಠ ಒಂದು ಕೊಳವೆಯ ಉದ್ದದಷ್ಟು ಅಂತರದಲ್ಲಿ ಹೂಳಿ ಜೋಡಿಸಿದರೆ ರೋಧ ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ. ಡಿಬಿ ಮನೆಯ ಆ ಬದಿಗೆ ಇರಲಿ.

ಹೊರೆಯ ಕೇಂದ್ರ ಎಂಬ ಪಠ್ಯಪುಸ್ತಕದ ಮಾತು

ಡಿಬಿ ಮನೆಯ ವಿದ್ಯುತ್ ಹೊರೆಯ ಕೇಂದ್ರದಲ್ಲಿರಬೇಕು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಹೆಚ್ಚು ವಿದ್ಯುತ್ ಎಳೆಯುವ ಸಾಧನಗಳಿಗೆ ಹತ್ತಿರವಾದಷ್ಟೂ ತಂತಿಯಲ್ಲಿ ನಷ್ಟ ಕಡಿಮೆ ಎಂಬುದು ತರ್ಕ. ಸರಿಯೇ. ಆದರೆ ಎಷ್ಟು ಕಡಿಮೆ? ಲೆಕ್ಕ ಹಾಕೋಣ. 2.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಮೀಟರಿಗೆ ಸುಮಾರು 7.4 ಮಿಲಿಓಮ್. ಡಿಬಿಯನ್ನು 10 ಮೀಟರ್ ದೂರ ಸರಿಸಿದಿರಿ ಎಂದರೆ ಹೋಗಿ ಬರುವ ತಂತಿ ಸೇರಿ 20 ಮೀಟರ್, ಅಂದರೆ ಸುಮಾರು 0.15 ಓಮ್ ಹೆಚ್ಚುವರಿ ರೋಧ. ಎರಡು ಕಿಲೋವಾಟ್ ಗೀಸರ್ 8.7 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಬಿಸಿಯಾಗಿ ಹೋಗುವುದು 11 ವಾಟ್. ದಿನಕ್ಕೊಂದು ಗಂಟೆ ಉರಿಸಿದರೆ ವರ್ಷಕ್ಕೆ 4 ಯೂನಿಟ್. ಮೂವತ್ತು ನಲವತ್ತರ ನಿವೇಶನದಲ್ಲಿ ಈ ಉಳಿತಾಯಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ದೂರ ಕಾಡುವುದು ಮೋಟಾರುಗಳಿಗೆ. ನನ್ನ ಭಾವಮೈದುನನ ತೋಟದ ತುದಿಯಲ್ಲಿ ತೊಟ್ಟಿಯಿಂದ ನೀರೆತ್ತುವ ಒಂದೂವರೆ ಅಶ್ವಶಕ್ತಿಯ ಮೋಟಾರಿದೆ. ಓಡುವಾಗ ಸುಮಾರು 9 ಆಂಪಿಯರ್, ಹೊರಡುವ ಗಳಿಗೆಯಲ್ಲಿ ಅದರ ಐದು ಪಟ್ಟು. 50 ಮೀಟರ್ ದೂರಕ್ಕೆ 2.5ರ ತಂತಿ ಎಳೆದರೆ ಹೋಗಿಬರುವ ರೋಧ 0.74 ಓಮ್. ಬೇಸಿಗೆಯ ಸಂಜೆ ಸರಬರಾಜಿನ ವೋಲ್ಟೇಜ್ 180ಕ್ಕೆ ಕುಸಿದಿರುವಾಗ ಸ್ವಿಚ್ ಹಾಕಿದರೆ ಮೋಟಾರಿಗೆ ತಲಪುವುದು 155 ವೋಲ್ಟಿನ ಆಸುಪಾಸು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಅದು ಇರಬೇಕಾದುದರ ಅರ್ಧಕ್ಕಿಂತ ಕಡಿಮೆ. ಮೋಟಾರ್ ‘ಗುಂಯ್’ ಎನ್ನುತ್ತ ನಿಲ್ಲುತ್ತದೆ, ತಿರುಗುವುದಿಲ್ಲ, ಸುರುಳಿ ಸುಡುತ್ತದೆ. ಸುತ್ತಿಸಿಕೊಡುವವನಿಗೆ ಸುಗ್ಗಿ. ಇದಕ್ಕೆ ಪರಿಹಾರ ಡಿಬಿಯನ್ನು ಸರಿಸುವುದಲ್ಲ. ಮೋಟಾರಿಗೆ ದಪ್ಪ ತಂತಿಯ ಪ್ರತ್ಯೇಕ ಮಂಡಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳವರಿಗೂ ಇದೇ ಮಾತು. ಅಲ್ಲಿ ಇನ್ನೊಂದು ಎಚ್ಚರಿಕೆ ಸೇರಿಸಬೇಕು: ಮಗ್ಗದ ನೂಲಿನ ನವಿರು ಧೂಳು ಕೂರುವ ಗೋಡೆಯಲ್ಲಿ ಡಿಬಿ ಬೇಡ.

ಎಲ್ಲಿ ಬೇಡ

ಬಚ್ಚಲಿನ ಗೋಡೆಯ ಬೆನ್ನಿಗೆ ಬೇಡ. ಪೆಟ್ಟಿಗೆಯನ್ನು ಹುದುಗಿಸಲು ಗೋಡೆಯನ್ನು ಕೊರೆದಾಗ ಉಳಿಯುವುದು ಎರಡು ಮೂರು ಇಂಚು. ನಾಲ್ಕೂವರೆ ಇಂಚಿನ ಗೋಡೆಯಾದರೆ ಅದೂ ಉಳಿಯುವುದಿಲ್ಲ. ಆ ಕಡೆಯ ತೇವ ಈ ಕಡೆ ತುಕ್ಕಾಗಿ ಕಾಣಿಸುತ್ತದೆ.

ಪಡುವಣ ಬಿಸಿಲು ಬೀಳುವ ಹೊರಗೋಡೆಯೂ ಒಳ್ಳೆಯದಲ್ಲ. ಎಂಸಿಬಿಯೊಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದಿದೆ. ಪ್ರವಾಹ ಹೆಚ್ಚಾದಾಗ ಬಿಸಿಯಾಗಿ ಬಾಗಿ ಕೊಂಡಿಯನ್ನು ಕಳಚುತ್ತದೆ. ಆ ಪಟ್ಟಿಗೆ ತಂತಿಯ ಬಿಸಿ ಯಾವುದು, ಬಿಸಿಲಿನ ಬಿಸಿ ಯಾವುದು ಎಂಬ ಭೇದ ತಿಳಿಯದು. ಅದನ್ನು ಹೊಂದಿಸಿರುವುದು 30 ಡಿಗ್ರಿ ಸೆಲ್ಸಿಯಸ್ಸಿಗೆ. ಬೇಸಿಗೆಯ ಮಧ್ಯಾಹ್ನ 50 ಡಿಗ್ರಿಗೆ ಕಾಯ್ದ ಪೆಟ್ಟಿಗೆಯಲ್ಲಿ ಅದು ಕಾರಣವಿಲ್ಲದೆ ಬೀಳತೊಡಗುತ್ತದೆ. ಆಗ ಮನೆಯವರು ಮಾಡುವುದೇನು? ಇನ್ನೂ ದೊಡ್ಡ ಎಂಸಿಬಿ ಹಾಕಿಸುತ್ತಾರೆ. ಮತ್ತೆ ಆ ಹಳೆಯ ದಪ್ಪ ತಾಮ್ರದ ಎಳೆಯ ಕಥೆಯೇ.

ಮೇಸ್ತ್ರಿ ಹೇಳಿದ ಮೆಟ್ಟಿಲ ಕೆಳಗಿನ ಜಾಗ ಮೊದಲ ವರ್ಷ ಖಾಲಿ ಇರುತ್ತದೆ. ಎರಡನೆಯ ವರ್ಷ ಅಲ್ಲಿ ಅಕ್ಕಿಮೂಟೆ, ಹಳೆ ಪತ್ರಿಕೆ, ಮಕ್ಕಳ ಸೈಕಲ್. ಕಾರ್ಖಾನೆಗಳ ಸ್ವಿಚ್‌ಬೋರ್ಡಿನ ಮುಂದೆ ಒಂದು ಮೀಟರ್ ತೆರವಿರಬೇಕೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಮನೆಗೆ ಆ ನಿಯಮ ಅನ್ವಯಿಸದಿದ್ದರೂ ಅದರ ಹಿಂದಿನ ವಿವೇಕ ಅನ್ವಯಿಸುತ್ತದೆ. ರಾತ್ರಿ ಎರಡು ಗಂಟೆಗೆ ಸುಟ್ಟ ವಾಸನೆ ಬಂದಾಗ, ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಟಾರ್ಚ್ ಹಿಡಿದು ಹತ್ತು ಹೆಜ್ಜೆಯಲ್ಲಿ ತಲಪಿ, ಕುರ್ಚಿ ಹತ್ತದೆ, ಬಗ್ಗದೆ ಮುಖ್ಯ ಗುಂಡಿಯನ್ನು ಒತ್ತುವಂತಿರಬೇಕು. ಕಣ್ಣಿನ ಎತ್ತರ, ಸುಮಾರು ಒಂದೂವರೆ ಮೀಟರ್, ಸರಿಯಾದ ಎತ್ತರ. ಬಟ್ಟೆಯ ಬೀರುವಿನೊಳಗೆ, ದೇವರ ದೀಪದ ಮೇಲೆ, ಗ್ಯಾಸ್ ಒಲೆಯ ಪಕ್ಕ, ಇವು ಯಾಕೆ ಬೇಡವೆಂದು ವಿವರಿಸಬೇಕಾಗಿಲ್ಲ.

ಇನ್ನು ಆಗ್ನೇಯ. ಅಗ್ನಿಯ ಮೂಲೆ ಆಗ್ನೇಯ, ವಿದ್ಯುತ್ತು ಅಗ್ನಿಯ ರೂಪ, ಆದ್ದರಿಂದ ಡಿಬಿ ಅಲ್ಲಿ ಎಂಬುದು ವಾದ. ತಂತಿಯಲ್ಲಿ ಹರಿಯುವುದು ಅಗ್ನಿಯಲ್ಲ. ಅಗ್ನಿ ಆಗದಿರಲೆಂದೇ ಈ ಪೆಟ್ಟಿಗೆ ಇರುವುದು. ಎಲೆಕ್ಟ್ರಾನುಗಳಿಗೆ ವಿಭವಾಂತರ ಗೊತ್ತು, ದಿಕ್ಕು ಗೊತ್ತಿಲ್ಲ. ಆದರೂ ನಿಮ್ಮ ಮನೆಯ ಆಗ್ನೇಯ ಗೋಡೆ ಒಣಗಿದ್ದು, ಮೀಟರಿಗೂ ಗುಂಡಿಗೂ ಹತ್ತಿರವಿದ್ದು, ಮುಂದೆ ಜಾಗವಿದ್ದರೆ ಧಾರಾಳವಾಗಿ ಅಲ್ಲೇ ಇಡಿ, ಹಿರಿಯರೂ ಸಂತೋಷಪಡುತ್ತಾರೆ. ತೊಡಕು ಏನೆಂದರೆ ಅದೇ ಶಾಸ್ತ್ರ ಅಡುಗೆಮನೆಯನ್ನೂ ಆಗ್ನೇಯಕ್ಕೇ ಕಳಿಸುತ್ತದೆ. ಹಾಗಾಗಿ ಪೆಟ್ಟಿಗೆ ಹೋಗಿ ಕೂರುವುದು ಒಲೆಯ ಹಬೆ, ಒಗ್ಗರಣೆಯ ಜಿಡ್ಡು, ಗ್ಯಾಸ್ ಸಿಲಿಂಡರ್, ನೀರಿನ ತೊಟ್ಟಿ ಎಲ್ಲವೂ ಇರುವ ಕೋಣೆಯಲ್ಲಿ. ನನ್ನ ಆಕ್ಷೇಪಣೆ ಇರುವುದು ಇದಕ್ಕೆ.

ಎಲ್ಲಿಟ್ಟೆವು

ಭಾವಮೈದುನನ ನಿವೇಶನ ಪೂರ್ವಕ್ಕೆ ಮುಖ ಮಾಡಿದೆ. ಕಂಬ ಈಶಾನ್ಯದ ಮೂಲೆಯಲ್ಲಿ. ಮಣ್ಣು ಆಳವಾಗಿರುವುದು ಉತ್ತರದ ಬದಿಗೆ, ಬಚ್ಚಲ ನೀರು ಹಾಯುವುದೂ ಆ ಕಡೆಯೇ. ಮೀಟರ್ ಮತ್ತು ಮುಖ್ಯ ಸ್ವಿಚ್ಚು ಗೇಟಿನ ಬಲಕ್ಕೆ ಹೊರಗೋಡೆಯ ಮೇಲೆ, ಸಜ್ಜೆಯ ಕೆಳಗೆ ಬಂದವು. ಡಿಬಿಗೆ ಹಜಾರದಿಂದ ಊಟದ ಕೋಣೆಗೆ ಹೋಗುವ ಓಣಿಯಲ್ಲಿ, ಉತ್ತರದ ಒಂಬತ್ತು ಇಂಚಿನ ಗೋಡೆಯನ್ನು ಗೊತ್ತುಮಾಡಿದೆವು. ಮೀಟರಿನಿಂದ 6 ಮೀಟರ್. ಭೂಸಂಪರ್ಕದ ಗುಂಡಿ ಅದೇ ಗೋಡೆಯ ಆಚೆ ಬದಿಗೆ. ಅತ್ತೆಯವರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಅಡುಗೆಮನೆ ಆಗ್ನೇಯದಲ್ಲೇ ಇರುತ್ತದೆಂದ ಮೇಲೆ ಸುಮ್ಮನಾದರು.

ಕಾಂಕ್ರೀಟಿಗೆ ಮುನ್ನ ತೀರ್ಮಾನಿಸಬೇಕೆಂದು ಆಗಲೇ ಹೇಳಿದೆನಲ್ಲ, ಕಾರಣ ಇದು: ತಾರಸಿಯ ಕಂಬಿ ಕಟ್ಟಿದ ಮೇಲೆ, ಮೋಲ್ಡ್ ಹಾಕುವ ಹಿಂದಿನ ದಿನ, ತಂತಿ ಹಾಯುವ ಪೈಪುಗಳನ್ನೆಲ್ಲ ಅದರೊಳಗೆ ಹಾಸುತ್ತಾರೆ. ಅವೆಲ್ಲ ಬಂದು ಕೂಡುವುದು ಡಿಬಿಯ ನೆತ್ತಿಯ ಮೇಲೆ. ಅನಂತರ ಮನಸ್ಸು ಬದಲಿಸಿದರೆ ತಾರಸಿ ಒಡೆಯಬೇಕು, ಇಲ್ಲವೆ ಎಂಟು ಹತ್ತು ಮಂಡಲಗಳ ತಂತಿಯನ್ನೂ ಗೋಡೆಯ ಮೇಲೆ ಎಳೆಯಬೇಕು. ಡಿಬಿಯ ನೇರ ಮೇಲೆ ತೊಲೆ ಬಾರದಂತೆ ನೋಡಿಕೊಳ್ಳಿ. ಪೈಪ್ ಇಳಿಸಲು ತೊಲೆ ಕೊರೆಯುವ ಉತ್ಸಾಹಿಗಳಿದ್ದಾರೆ.

ಆರ್‌ಸಿಸಿಬಿ ಒಂದೇ ಹಾಕಿದರೆ ಗೀಸರಿನ ಸಣ್ಣ ಸೋರಿಕೆಗೆ ಇಡೀ ಮನೆ ಕತ್ತಲಾಗುತ್ತದೆ, ಊರಿಗೆ ಹೋದಾಗ ಫ್ರಿಜ್ಜಿನಲ್ಲಿದ್ದದ್ದು ಕೆಡುತ್ತದೆ. ಬೇಸತ್ತ ಮನೆಯವರು ಅದನ್ನು ಕಿತ್ತು ಹಾಕಿ ನೇರ ಜೋಡಿಸುತ್ತಾರೆ. ಎರಡು ಹಾಕಿದರೆ ಈ ಕಿರಿಕಿರಿ ಇಲ್ಲ: ಬಚ್ಚಲು, ಒಗೆಯುವ ಯಂತ್ರ, ತೋಟದ ಮೋಟಾರು ಒಂದರಡಿಯಲ್ಲಿ; ದೀಪ, ಫ್ಯಾನು, ಫ್ರಿಜ್ಜು ಇನ್ನೊಂದರಡಿಯಲ್ಲಿ. ಇನ್ವರ್ಟರ್ ಇರುವವರು ಅದರ ಮಂಡಲದ ನ್ಯೂಟ್ರಲ್ಲನ್ನು ಬೇರೆಯದರೊಂದಿಗೆ ಬೆರೆಸದಂತೆ ಎಲೆಕ್ಟ್ರಿಷಿಯನ್ನನಿಗೆ ಒತ್ತಿ ಹೇಳಬೇಕು. ಬೆರೆತರೆ ಉಂಗುರದ ಲೆಕ್ಕ ಎಂದೂ ತಾಳೆಯಾಗುವುದಿಲ್ಲ.

ಪೆಟ್ಟಿಗೆಯನ್ನು ಇಂದಿನ ಅಗತ್ಯಕ್ಕಿಂತ ನಾಲ್ಕಾರು ಮನೆ ದೊಡ್ಡದಾಗಿಯೇ ಕೊಳ್ಳಿಸಿದೆ. 2024ರಲ್ಲಿ ಸೂರ್ಯ ಘರ್ ಯೋಜನೆ ಬಂದ ಮೇಲೆ ತಾರಸಿಯ ಸೌರಫಲಕದ ವಿಚಾರ ಹಳ್ಳಿಗಳಲ್ಲೂ ಕೇಳಿಬರುತ್ತಿದೆ. ವಿದ್ಯುತ್ ಸ್ಕೂಟರ್ ಆಗಲೇ ಅಂಗಳಕ್ಕೆ ಬಂದಿದೆ. ಹಳೆಯ ಮನೆಯ ಡಿಬಿಗೂ ಒಂದು ಆರ್‌ಸಿಸಿಬಿ ಹಾಕಿಸಿದ್ದಾಯಿತು. ಹಾಕಿದ ಕೂಡಲೇ ಅದು ಬಿದ್ದಿತು. ಒಗೆಯುವ ಯಂತ್ರವನ್ನು ಪ್ಲಗ್ಗಿನಿಂದ ಕಿತ್ತ ಮೇಲೆ ನಿಂತಿತು. ಎಲೆಕ್ಟ್ರಿಷಿಯನ್ ಎರಡು ಮೂರು ಸಲ ಪ್ಲಗ್ ಹಾಕಿ ತೆಗೆದು ಪರೀಕ್ಷಿಸಿದ. ಅಮೇಲೆ ಯಂತ್ರದ ಹಿಂಬದಿಯ ತಗಡನ್ನು ಬಿಚ್ಚಿದಾಗ ಇಲಿ ಕಡಿದ ತಂತಿಯೊಂದು ಕಂಡಿತು.

ಹೊಸ ಡಿಬಿಯ ಬಾಗಿಲ ಒಳಬದಿಗೆ ಭಾವಮೈದುನನ ಮಗಳು ಯಾವ ಸ್ವಿಚ್ಚು ಯಾವ ಕೋಣೆಯದೆಂದು ಕನ್ನಡದಲ್ಲಿ ಬರೆದು ಅಂಟಿಸಿದ್ದಾಳೆ. ಕೊನೆಯ ಸಾಲಿನಲ್ಲಿ ‘ಟೆಸ್ಟ್ ಗುಂಡಿ: ಪ್ರತಿ ತಿಂಗಳ ಒಂದನೇ ತಾರೀಖು’ ಎಂದಿದೆ.